ಕಡಲಾಮೆಗಳಿಗಾಗಿ ಇರುಳ ನಡಿಗೆ

ಮೇಲೂರಿನ ಹಿಪ್ಪುನೇರಳೆ ತೋಟಗಳ ನಡುವೆ ಬೆಳೆದವನು ಕಡಲಾಮೆಯ ವಿಷಯ ಬರೆಯಹೊರಟರೆ ಸಹಪಾಠಿಗಳು ನಗಬಹುದು. ಆದರೂ ಕಳೆದ ಫೆಬ್ರವರಿಯ ಒಂದು ಶನಿವಾರ ರಾತ್ರಿ ಚೆನ್ನೈಯ ಮರಳಿನ ಮೇಲೆ ನಡೆದು ಕಲಿತುದನ್ನು ಇಲ್ಲಿ ಬರೆದಿಡುತ್ತೇನೆ.

ಈ ನಡಿಗೆಗೆ ಒಂದು ಚರಿತ್ರೆಯುಂಟು. ಹಾವುಗಳ ಅಧ್ಯಯನದಿಂದ ಹೆಸರಾದ ರಾಮ್ಯುಲಸ್ ವಿಟೇಕರ್ ಮತ್ತು ಅವರ ಗೆಳೆಯರು 1970ರ ದಶಕದ ಆರಂಭದಲ್ಲಿ ಮದರಾಸಿನ ತೀರದಲ್ಲಿ ಇರುಳೆಲ್ಲ ತಿರುಗಿ ಆಮೆಯ ಮೊಟ್ಟೆಗಳನ್ನು ಕಾಯತೊಡಗಿದರು. 1988ರಿಂದ ಆ ಕೆಲಸವನ್ನು ವಿದ್ಯಾರ್ಥಿಗಳೇ ಕಟ್ಟಿಕೊಂಡ ಕಡಲಾಮೆ ಸಂರಕ್ಷಣಾ ಜಾಲವೊಂದು ನಡೆಸಿಕೊಂಡು ಬಂದಿದೆ. ಮೊಟ್ಟೆಯಿಡುವ ಕಾಲದಲ್ಲಿ, ಎಂದರೆ ಜನವರಿಯಿಂದ ಮಾರ್ಚಿನವರೆಗೆ, ವಾರದ ಕೊನೆಯಲ್ಲಿ ಸಾರ್ವಜನಿಕರನ್ನೂ ಜತೆಗೆ ಕರೆದೊಯ್ಯುವರು. ನೀಲಾಂಗರೈಯಿಂದ ಬೆಸೆಂಟ್ ನಗರದವರೆಗೆ ಸುಮಾರು 7 ಕಿಲೋಮೀಟರು. ಮರಳಿನಲ್ಲಿ ಅದು ಹದಿನಾಲ್ಕಾಗಿ ತೋರುತ್ತದೆ!

ಹೊರಡುವ ಮುನ್ನ ಮುಂದಾಳು ಹೇಳಿದ ಮೊದಲ ಮಾತು, ಯಾರೂ ದೀಪ ಹಚ್ಚಕೂಡದು ಎಂಬುದು. ಕಾರಣವನ್ನು ಆಮೆಯ ಬದುಕಿನಿಂದಲೇ ತಿಳಿಯಬೇಕು. ಇಲ್ಲಿಗೆ ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಎಂಬ ಜಾತಿ. ಚಿಪ್ಪಿನ ಉದ್ದ ಎರಡಡಿಗೆ ತುಸು ಮೇಲೆ. ಹೆಣ್ಣಾಮೆಯು ಹಿಂಗಾಲುಗಳಿಂದ ಹೂಜಿಯಾಕಾರದ ಒಂದೂವರೆ ಅಡಿ ಆಳದ ಗುಂಡಿ ತೋಡಿ, ನೂರಕ್ಕೂ ಮಿಕ್ಕು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ ಕಡಲಿಗೆ ಹಿಂದಿರುಗುತ್ತದೆ. ಮರಿಗಳ ಮುಖವನ್ನು ಅದು ನೋಡುವುದೇ ಇಲ್ಲ. 45ರಿಂದ 60 ದಿನಗಳಲ್ಲಿ ಹೊರಬೀಳುವ ಮರಿಗಳು ಬೆಳಕು ಹೆಚ್ಚಿರುವ ದಿಕ್ಕಿಗೆ ತೆವಳುತ್ತವೆ. ಕತ್ತಲ ತೀರದಲ್ಲಿ ಆ ಬೆಳಕು ನಕ್ಷತ್ರಗಳನ್ನು ಪ್ರತಿಫಲಿಸುವ ಕಡಲಿನದು. ಈಗ ಊರಿನ ದೀಪಗಳೇ ಪ್ರಬಲವಾದುದರಿಂದ ಮರಿಗಳು ರಸ್ತೆಯನ್ನೇ ಕಡಲೆಂದು ತಿಳಿದು ಹೋಗಿ ನಾಯಿ, ಕಾಗೆಗಳ ಪಾಲಾಗುತ್ತವೆ. ನಮ್ಮಲ್ಲಿ ರೇಷ್ಮೆ ಮೊಟ್ಟೆಗಳನ್ನು ಒಡೆಯುವ ಮುನ್ನ ಕಪ್ಪು ಕಾಗದದಲ್ಲಿ ಸುತ್ತಿಟ್ಟು, ಬಳಿಕ ಬೆಳಕಿಗೆ ತೆರೆದು ಎಲ್ಲ ಹುಳುಗಳೂ ಒಮ್ಮೆಗೇ ಹೊರಬರುವಂತೆ ಮಾಡುವುದನ್ನು ಕಂಡವರಿಗೆ, ಒಂದು ಚೂರು ಬೆಳಕು ಏನು ಮಾಡಬಲ್ಲುದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಗಂಟೆಯ ಸುಮಾರಿಗೆ ನಾವು ಕಂಡುದು ಸತ್ತ ಆಮೆಯನ್ನು. ಕಣ್ಣು ಉಬ್ಬಿ ಹೊರಬಂದಿತ್ತು. ಆಮೆಯು ನೀರಿನಲ್ಲಿದ್ದರೂ ಉಸಿರಾಟಕ್ಕೆ ಮೇಲೆ ಬರಲೇಬೇಕಾದ ಪ್ರಾಣಿ; ಟ್ರಾಲ್ ದೋಣಿಯ ಬಲೆಯೊಳಗೆ ಸಿಕ್ಕಿ ಬಹಳ ಹೊತ್ತಾದರೆ ಮುಳುಗಿ ಸಾಯುತ್ತದೆ. 2025ರ ಜನವರಿಯಲ್ಲಿ ಇದೇ ಕರಾವಳಿಯಲ್ಲಿ ನೂರಾರು ಆಮೆಗಳ ಹೆಣಗಳು ದಡ ಸೇರಿದುವು. ಆಮೆ ಹೊರಬೀಳಲು ದಾರಿ ಬಿಡುವ ಸಾಧನವನ್ನು ಬಲೆಗೆ ಅಳವಡಿಸಬಹುದು. ಅದರ ದಾರಿಯಾಗಿ ಒಂದಿಷ್ಟು ಮೀನೂ ಜಾರಿಹೋಗುವುದೆಂದು ಮೀನುಗಾರರು ಹಿಂಜರಿಯುತ್ತಾರೆ. ಅವರ ಕಷ್ಟವೂ ಸುಳ್ಳಲ್ಲ.

ಎರಡೂವರೆಗೆ ಟ್ರಾಕ್ಟರಿನ ಗಾಲಿ ಹೊರಳಿದಂತಹ ಗುರುತು ಕಾಣಿಸಿತು. ಮುಂದಾಳು ಕೋಲಿನಿಂದ ಮರಳನ್ನು ಮೆಲ್ಲಗೆ ಒತ್ತುತ್ತ, ಸಡಿಲವಾದ ಜಾಗ ಸಿಕ್ಕೊಡನೆ ಕೈಯಿಂದ ತೋಡಿದ. ಬಿಳಿಯ ಪಿಂಗ್‌ಪಾಂಗ್ ಚೆಂಡುಗಳಂತಹ ಮೊಟ್ಟೆಗಳು 117. ಅವನ್ನು ಕೆಲವೇ ಗಂಟೆಗಳಲ್ಲಿ ಸಾಗಿಸಬೇಕು. ತಡವಾದರೆ ಭ್ರೂಣವು ಚಿಪ್ಪಿನ ಒಳಮೈಗೆ ಅಂಟಿಕೊಳ್ಳುವುದರಿಂದ ಮೊಟ್ಟೆ ಹೊರಳಿದರೆ ಸಾಯುತ್ತದೆ. ಅದೇ ಆಳ, ಅದೇ ಆಕಾರದ ಗುಂಡಿಯಲ್ಲಿ ಹೂಳಬೇಕು. ಏಕೆಂದರೆ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖವೇ ನಿರ್ಣಯಿಸುತ್ತದೆ: ಸುಮಾರು 29 ಡಿಗ್ರಿಗಿಂತ ಬಿಸಿಯಾದರೆ ಹೆಣ್ಣು ಹೆಚ್ಚು, ತಂಪಾದರೆ ಗಂಡು ಹೆಚ್ಚು. ಹುಳುಮನೆಯಲ್ಲಿ ಉಷ್ಣಮಾಪಕ ನೋಡುತ್ತ ನಿದ್ದೆಗೆಟ್ಟ ನನಗೂ ಇದು ಸೋಜಿಗವೆನಿಸಿತು.

ಮೊಟ್ಟೆಯನ್ನು ತಾಯಿಯಿಟ್ಟ ಜಾಗದಿಂದ ಕೀಳುವುದು ಒಳ್ಳೆಯ ಉಪಾಯವೆಂದು ನನಗೆ ತೋರಲಿಲ್ಲ. ಕೇಳಿದಾಗ ಮುಂದಾಳುವೂ ಒಪ್ಪಿದ. ನಮ್ಮ ಕುಂದಾಪುರ, ಹೊನ್ನಾವರಗಳ ಕಡೆ ಗೂಡಿಗೆ ಸ್ಥಳದಲ್ಲಿಯೇ ಬೇಲಿ ಕಟ್ಟಿ ಕಾಯುವುದುಂಟು. “ಇಲ್ಲಿ ಬಿಟ್ಟರೆ ಆ ದೀಪಗಳನ್ನು ಯಾರು ಆರಿಸುತ್ತಾರೆ?” ಎಂದು ರಸ್ತೆಯ ಕಡೆ ಕೈ ತೋರಿದ.

ಬೆಸೆಂಟ್ ನಗರದ ಬೇಲಿಯೊಳಗೆ ಮೊಟ್ಟೆಗಳನ್ನು ಹೂತು, ತಾರೀಖು ಬರೆದ ಚೀಟಿ ನೆಟ್ಟಾಗ ನಾಲ್ಕು ಗಂಟೆ. ಜೀವಂತ ಆಮೆಯೊಂದನ್ನೂ ನಾನು ಕಾಣಲಿಲ್ಲ. ಆ ಗುಂಡಿಯ ಮರಿಗಳು ಏಪ್ರಿಲ್ ವೇಳೆಗೆ ಹೊರಬರಬಹುದೆಂದರು, ನನಗಾಗ ಪರೀಕ್ಷೆ.