ಪರಮಾಣುಗಳಿಗೆ ಸಲ್ಲುವ ಶಾಖದ ಪಾಲು

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ತಾಮ್ರದ ಹಂಡೆ ಇರುವುದುಂಟು. 10 ಕಿಲೋಗ್ರಾಂ ತೂಕದ ಹಂಡೆಯಲ್ಲಿ 40 ಲೀಟರು ನೀರನ್ನು ಕಾಯಿಸಿದರೆ, ಸುಮಾರು 43 ಪಾಲು ಶಾಖ ನೀರಿಗೆ ಸಂದಾಗ ಒಂದೇ ಪಾಲು ಹಂಡೆಗೆ ಸಲ್ಲುತ್ತದೆ. ಒಂದು ಗ್ರಾಂ ವಸ್ತುವಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖಕ್ಕೆ ವಿಶಿಷ್ಟ ಶಾಖವೆಂದು ಹೆಸರು. ನೀರಿಗೆ ಇದು 4.18 ಜೌಲ್, ತಾಮ್ರಕ್ಕೆ 0.385, ಸೀಸಕ್ಕೆ 0.128, ಅಲ್ಯುಮಿನಿಯಮಿಗೆ 0.90. ಮೇಲುನೋಟಕ್ಕೆ ಲೋಹಗಳ ಈ ಅಂಕಿಗಳಲ್ಲಿ ಯಾವ ಕ್ರಮವೂ ಕಾಣದು.

ಆದರೆ ಒಂದೊಂದನ್ನೂ ಆಯಾ ಲೋಹದ ಪರಮಾಣು ತೂಕದಿಂದ ಗುಣಿಸಿ ನೋಡಿರಿ. ತಾಮ್ರಕ್ಕೆ 24.5, ಸೀಸಕ್ಕೆ 26.5, ಅಲ್ಯುಮಿನಿಯಮಿಗೆ 24.3 ಬರುತ್ತದೆ. ಮೂರೂ ಹೆಚ್ಚುಕಡಮೆ ಸಮ! ಈ ನಿಯಮವನ್ನು 1819ರಲ್ಲಿ ಫ್ರಾನ್ಸಿನ ಡ್ಯೂಲಾಂಗ್ ಮತ್ತು ಪೆಟೀ ಕಂಡುಹಿಡಿದರು. ಪರಮಾಣು ತೂಕದಷ್ಟು ಗ್ರಾಂ ತೆಗೆದುಕೊಂಡಾಗ ಯಾವ ಧಾತುವಿನಲ್ಲಾದರೂ ಪರಮಾಣುಗಳ ಸಂಖ್ಯೆ ಒಂದೇ. ಅಂದಮೇಲೆ ಶಾಖವು ಹಂಚಿಕೆಯಾಗುವುದು ತೂಕ ನೋಡಿ ಅಲ್ಲ, ತಲೆಯೆಣಿಕೆಯಂತೆ.

ಅಸಂಖ್ಯ ಪರಮಾಣುಗಳಲ್ಲಿ ಒಂದೊಂದರ ಚಲನೆಯನ್ನೂ ಹಿಂಬಾಲಿಸುವುದು ಅಸಾಧ್ಯ. ಆದುದರಿಂದ ಸಂಖ್ಯಾಶಾಸ್ತ್ರೀಯ ಬಲವಿಜ್ಞಾನವು ಸರಾಸರಿಯನ್ನು ಲೆಕ್ಕಹಾಕುತ್ತದೆ. ಅದರ ಹಳೆಯ ನಿಯಮದಂತೆ, ಶಕ್ತಿಯನ್ನು ಇರಿಸಿಕೊಳ್ಳುವ ಪ್ರತಿಯೊಂದು ಬಗೆಗೂ ಸಮಪಾಲು ಸಲ್ಲಬೇಕು. ಮೇಲೆ ಹೇಳಿದಷ್ಟು ಕಣಗಳಿಗೆ ಡಿಗ್ರಿಯೊಂದಕ್ಕೆ ಆ ಪಾಲು 4.16 ಜೌಲ್. ಪಾತ್ರೆಯಲ್ಲಿ ಮುಚ್ಚಿಟ್ಟ ಆರ್ಗಾನ್ ಅನಿಲದ ಪರಮಾಣುವಿಗೆ ಮೂರು ದಿಕ್ಕುಗಳ ಓಟವಷ್ಟೇ ಉಂಟು. ಮೂರು ಪಾಲು ಸೇರಿ 12.5. ನೈಟ್ರೊಜನ್ ಅಣುವಿನಲ್ಲಿ ಎರಡು ಪರಮಾಣುಗಳಿರುವುದರಿಂದ ಎರಡು ಬಗೆಯ ತಿರುಗಾಟವೂ ಕೂಡಿ 20.8. ಘನವಸ್ತುವಿನ ಪರಮಾಣು ತನ್ನ ನೆಲೆಯಲ್ಲಿಯೇ ಮೂರು ದಿಕ್ಕುಗಳಲ್ಲಿ ಕಂಪಿಸುತ್ತದೆ. ಪ್ರತಿ ಕಂಪನಕ್ಕೂ ಚಲನ ಶಕ್ತಿಯದೊಂದು, ಪ್ರಚ್ಛನ್ನ ಶಕ್ತಿಯದೊಂದು ಪಾಲು. ಒಟ್ಟು ಆರು ಪಾಲು, ಎಂದರೆ 24.9.

ಇಷ್ಟು ಸೊಗಸಾದ ಲೆಕ್ಕ ಎರಡು ಕಡೆ ಮುಗ್ಗರಿಸಿತು. ನೈಟ್ರೊಜನ್ ಅಣುವಿನ ಎರಡು ಪರಮಾಣುಗಳು ಪರಸ್ಪರ ಕಂಪಿಸಲೂ ಬಲ್ಲವು. ಆ ಕಂಪನದ ಎರಡು ಪಾಲು ಎಲ್ಲಿ? ವಜ್ರದ ಅಂಕಿಯಂತೂ ಸಾಧಾರಣ ಉಷ್ಣತೆಯಲ್ಲಿ 6.1 ಮಾತ್ರ, ಸಲ್ಲಬೇಕಾದುದರ ಕಾಲು ಭಾಗ. ಅದೇ ವಜ್ರವನ್ನು 1000 ಡಿಗ್ರಿ ಸೆಂಟಿಗ್ರೇಡಿನ ಹತ್ತಿರ ಕಾಯಿಸಿದರೆ ನಿಯಮವನ್ನು ಸಮೀಪಿಸುತ್ತದೆ.

ಬಂಟವಾಳದ ಪೇಟೆಯ ವರ್ತಕನೊಬ್ಬನು ಅಕ್ಕಿಯನ್ನು ಇಡಿಯ ಮುಡಿಯಾಗಿಯಲ್ಲದೆ ಬಿಡಿಯಾಗಿ ಮಾರುವುದಿಲ್ಲವೆಂದು ಭಾವಿಸೋಣ. ಮುಡಿಯ ಬೆಲೆಗಿಂತ ಕಡಮೆ ಹಣವುಳ್ಳವನು ಬರಿಗೈಯಲ್ಲಿ ಹಿಂದಿರುಗಬೇಕು. ಕಂಪನವೂ ಶಕ್ತಿಯನ್ನು ಇಡಿಯ ಕಂತೆಗಳಲ್ಲಿ ಮಾತ್ರ ಸ್ವೀಕರಿಸುತ್ತದೆ ಎಂದು, ಪ್ಲಾಂಕರ 1900ರ ಕಲ್ಪನೆಯನ್ನು ಅನುಸರಿಸಿ, 1907ರಲ್ಲಿ ಐನ್‌ಸ್ಟೈನರು ತೋರಿಸಿದರು. ಕಂಪನದ ಆವೃತ್ತಿ ಹೆಚ್ಚಿದಷ್ಟೂ ಕಂತೆ ದೊಡ್ಡದು. ವಜ್ರದಲ್ಲಿರುವ ಇಂಗಾಲದ ಪರಮಾಣು ಹಗುರ, ಅದರ ಬಂಧವೋ ಬಲು ಬಿಗಿ. ಆದಕಾರಣ ಆವೃತ್ತಿ ಅಧಿಕ. ಸಾಧಾರಣ ಉಷ್ಣತೆಯಲ್ಲಿ ಅದರ ಬಹುಪಾಲು ಕಂಪನಗಳಿಗೆ ಒಂದು ಕಂತೆಯೂ ದೊರೆಯದು. ನೈಟ್ರೊಜನ್ ಅಣುವಿನ ಕಂಪನದ ಸ್ಥಿತಿಯೂ ಇದೇ. ಸೀಸದ ಕಂತೆ ಚಿಕ್ಕದಾದುದರಿಂದ ಅದಕ್ಕೆ ಪೂರ್ಣ ಪಾಲು ಸಲ್ಲುತ್ತದೆ. 1912ರಲ್ಲಿ ಡೆಬೈ ಇಡೀ ಹರಳಿನ ಕಂಪನಗಳನ್ನು ಒಟ್ಟಾಗಿ ಪರಿಗಣಿಸಿ ಈ ಲೆಕ್ಕವನ್ನು ತಿದ್ದಿದರು.

ಹರಳಿನ ಕಂಪನಗಳ ವಿಷಯ ನಮ್ಮ ರಾಜ್ಯದಲ್ಲಿಯೇ ದೊಡ್ಡ ವಾದಕ್ಕೆ ಎಡೆಯಾಯಿತು. ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಮ್ಯಾಕ್ಸ್ ಬಾರ್ನರು 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದು ಕೆಲವು ತಿಂಗಳು ಇದ್ದರು. ಹರಳಿನ ಆವೃತ್ತಿಗಳು ಎಡೆಬಿಡದೆ ಹರಡಿವೆಯೆಂಬುದು ಬಾರ್ನರ ಮತ. ಅವು ಎಣಿಕೆಗೆ ಸಿಗುವ ಕೆಲವೇ ಎಂದು 1940ರ ದಶಕದಲ್ಲಿ ರಾಮನ್ನರು ಪ್ರತಿಪಾದಿಸಿದರು. ಅದೇ ಮಂದಿರದಲ್ಲಿ ಆರ್. ಎಸ್. ಕೃಷ್ಣನ್ನರು ಪಡೆದ ವಜ್ರದ ರೋಹಿತದ ಚೂಪಾದ ರೇಖೆಗಳು ಅವರಿಗೆ ಆಧಾರವಾದವು. ಆ ರೇಖೆಗಳನ್ನು ಬಾರ್ನರ ಸಿದ್ಧಾಂತದಿಂದಲೂ ವಿವರಿಸಬಹುದೆಂದು 1948ರಲ್ಲಿ ಹೆಲೆನ್ ಸ್ಮಿತ್ ತೋರಿಸಿದರು. 1950ರ ದಶಕದಲ್ಲಿ ಕೆನಡದ ಬ್ರಾಕ್‌ಹೌಸರು ನ್ಯೂಟ್ರಾನುಗಳ ನೆರವಿನಿಂದ ಹರಳುಗಳ ಆವೃತ್ತಿಗಳನ್ನು ಅಳೆದಾಗ ಬಾರ್ನರ ಮತವೇ ಸ್ಥಿರಪಟ್ಟಿತು. ಕೃಷ್ಣನ್ನರ ಅಳತೆಯಾದರೋ ಸುಳ್ಳಾಗಲಿಲ್ಲ. ಅದಕ್ಕೆ ಹೇಳಿದ ಅರ್ಥ ಮಾತ್ರ ಬದಲಾಯಿತು.

ವಿದ್ಯಾರ್ಥಿಗಳು ಪಠ್ಯಪುಸ್ತಕದ ಕೋಷ್ಟಕದಿಂದ ಬೆಳ್ಳಿ, ಕಬ್ಬಿಣ, ಸತು, ಬೋರಾನ್‌ಗಳ ವಿಶಿಷ್ಟ ಶಾಖವನ್ನು ಆರಿಸಿ, ಪರಮಾಣು ತೂಕದಿಂದ ಗುಣಿಸಿ ನೋಡಲಿ. ಯಾವ ಧಾತು 25ರ ಸಮೀಪಕ್ಕೆ ಬಾರದೋ, ಅದರ ಪರಮಾಣು ಹಗುರವೇ, ಬಂಧ ಬಿಗಿಯೇ ಎಂದು ವಿಚಾರಿಸಲಿ.