ನಿಂಬೆಹಣ್ಣು, ಕಲ್ಲುಪ್ಪು, ಪೊರಕೆಕಡ್ಡಿ

ಮಾಟಕ್ಕೆ ಏನೇನು ಬೇಕು ಎಂದು ಪಟ್ಟಿ ಹಾಕಿದರೆ ಅದು ವಾರದ ಸಂತೆಯ ಪಟ್ಟಿಯಂತೆಯೇ ಇರುತ್ತದೆ. ನಿಂಬೆಹಣ್ಣು, ಒಣಮೆಣಸಿನಕಾಯಿ, ಕಲ್ಲುಪ್ಪು, ಅರಿಶಿನ, ಕುಂಕುಮ, ಕೋಳಿಮೊಟ್ಟೆ, ಬೂದುಗುಂಬಳಕಾಯಿ, ಒಂದು ಸೂಜಿ, ಕಪ್ಪು ದಾರ, ಪೊರಕೆಯ ಎರಡು ಕಡ್ಡಿ, ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು. ಯಾವುದೂ ದುಬಾರಿಯಲ್ಲ, ಅಪರೂಪವೂ ಅಲ್ಲ. ಬಲಸಮುದ್ರದಂತಹ ಹಳ್ಳಿಯ ಯಾವ ಅಡುಗೆಮನೆಗೆ ಹೋದರೂ ಇವುಗಳಲ್ಲಿ ಮುಕ್ಕಾಲು ಪಾಲು ಕೈಗೆ ಸಿಕ್ಕುತ್ತವೆ.

ಪ್ರಿಯ ಸಹೋದರ ಸಹೋದರಿಯರೇ, ಕೇಡು ಹುಟ್ಟುವುದು ಇಲ್ಲಿಯೇ. ಸಾಮಗ್ರಿ ಎಲ್ಲರ ಮನೆಯಲ್ಲಿಯೂ ಇದೆ ಎಂದಮೇಲೆ ಯಾರು ಬೇಕಾದರೂ ಮಾಡಿರಬಹುದು ಎಂದಾಯಿತು. ಯಾರದೋ ಚೀಲದಿಂದ ಉರುಳಿ ಹೊಸ್ತಿಲ ಬಳಿ ಬಿದ್ದ ನಿಂಬೆಹಣ್ಣು ಸಾಕ್ಷಿಯಾಗುತ್ತದೆ. ಹಿತ್ತಲಲ್ಲಿ ನಾಯಿ ಕೆದಕಿ ತೆಗೆದ ಕೂದಲಿನ ಉಂಡೆ ಸಾಕ್ಷಿಯಾಗುತ್ತದೆ. ಸಾಕ್ಷಿ ಸಿಕ್ಕಿದ ಮೇಲೆ ಅಪರಾಧಿ ಬೇಕಲ್ಲ! ಅವಳು ದೂರದವಳಾಗಿರುವುದಿಲ್ಲ. ಓರಗಿತ್ತಿ, ಪಾಲು ಕೇಳಿದ ದಾಯಾದಿಯ ಹೆಂಡತಿ, ಅಥವಾ ಬೀದಿಯ ಕೊನೆಯಲ್ಲಿ ಒಂಟಿಯಾಗಿ ಬದುಕುವ ವಿಧವೆ. ಊರಿನ ಸಾಹುಕಾರನ ಮೇಲೆ ಮಾಟದ ಗುಮಾನಿ ಬಂದದ್ದನ್ನು ನಾನಂತೂ ಕೇಳಿಲ್ಲ. ಗುಮಾನಿ ಯಾವಾಗಲೂ ಎದುರು ಮಾತನಾಡಲಾರದವರ ಮನೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಆಮೇಲೆ ಅವಳು ಕೊಟ್ಟ ಕಾಫಿಯನ್ನು ಯಾರೂ ಕುಡಿಯುವುದಿಲ್ಲ, ಮದ್ದು ಹಾಕಿದ್ದಾಳೆಂಬ ಭಯ. ಅವಳ ಮಗುವಿನ ಹುಟ್ಟುಹಬ್ಬಕ್ಕೆ ಯಾರೂ ಹೋಗುವುದಿಲ್ಲ. 'ಕೊಳ್ಳೇಗಾಲದಿಂದ ಮಾಡಿಸಿದ್ದಾರೆ' ಎಂಬ ಪಿಸುಮಾತು ಬೇರೆ. (ರೇಷ್ಮೆಗೆ ಹೆಸರಾದ ಆ ಊರಿಗೆ ಈ ಕೆಟ್ಟ ಹೆಸರನ್ನು ಅಂಟಿಸಿದವರು ಯಾರೋ!)

ಹಾಗಾದರೆ ಮನೆಗೆ ಬಂದ ಕಷ್ಟ ಸುಳ್ಳೇ? ಅಲ್ಲ, ಕಷ್ಟ ನಿಜ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆ ಮಳೆಯನ್ನು ನಂಬಿದ್ದು. ಹೂವು ಬಿಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಕಡಲೆಕಾಯಿ ಬುಡ್ಡೆ ಕಟ್ಟುವುದಿಲ್ಲ. ಅದಕ್ಕೆ ಯಾರ ಕಣ್ಣೂ ಬೇಕಾಗಿಲ್ಲ. ಮಂಡಿ ಹಿಡಿದುಕೊಂಡಿತು, ಬೆನ್ನು ಬಾಗಿತು ಎಂದು ತಾಯತ ಕಟ್ಟಿಸಿಕೊಂಡವರು ತಾವು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿದ್ದಾರೆಯೇ? ಪಾವಗಡದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಮಕ್ಕಳು ಕುಡಿಯುತ್ತಾ ಬಂದರೆ ಹಲ್ಲಿಗೆ ಕಂದು ಕಲೆ ಬರುತ್ತದೆ. ಇನ್ನೂ ಹೆಚ್ಚಿದ್ದರೆ ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲು ಬಿಗಿಯುತ್ತವೆ. ಕುದಿಸಿದರೆ ಅದು ಹೋಗುವುದಿಲ್ಲ. ಸೂಜಿ ಚುಚ್ಚಿದ ನಿಂಬೆಹಣ್ಣನ್ನು ಹುಡುಕಿ ಹಿತ್ತಲೆಲ್ಲಾ ಅಗೆಯುವವರು, ದಿನವೂ ತುಂಬುವ ಕೊಡದೊಳಗೆ ಇಣುಕಿ ನೋಡುವುದಿಲ್ಲ.

ಸುಮಾರು 1600 ವರ್ಷಗಳ ಹಿಂದೆ ಆಫ್ರಿಕದ ಹಿಪ್ಪೊ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು, ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥದಲ್ಲಿ ಇಂಥ ನಂಬಿಕೆಗಳ ಪಟ್ಟಿ ಕೊಟ್ಟಿದ್ದಾರೆ. ಪಾದರಕ್ಷೆ ಹಾಕಿಕೊಳ್ಳುವಾಗ ಯಾರಾದರೂ ಸೀನಿದರೆ ಮತ್ತೆ ಹಾಸಿಗೆಗೆ ಹೋಗುವುದು, ಹೊರಟಾಗ ಎಡವಿದರೆ ಮನೆಗೆ ಹಿಂದಿರುಗುವುದು. ನಮ್ಮ ಊರಿನ ಮಾತನ್ನೇ ಕೇಳಿದಂತಿಲ್ಲವೇ? ಇಲಿ ತನ್ನ ಪಾದರಕ್ಷೆ ಕಡಿದುಬಿಟ್ಟಿತು, ಇದೇನು ಅಪಶಕುನವೋ ಎಂದು ಹೆದರಿ ಬಂದವನಿಗೆ ರೋಮಿನ ಕೇಟೊ ಹೇಳಿದ ಉತ್ತರವನ್ನೂ ಅವರು ನೆನೆಯುತ್ತಾರೆ: ಪಾದರಕ್ಷೆಯೇ ಇಲಿಯನ್ನು ಕಡಿದಿದ್ದರೆ ಆಗ ಹೆದರಬೇಕಾಗಿತ್ತು! ಅಗಸ್ಟೀನರ ವಾದ ಸರಳ. ಈ ಗುರುತುಗಳಿಗೆ ಸ್ವಂತ ಬಲವಿಲ್ಲ. ಮನುಷ್ಯರು ಅವುಗಳಿಗೆ ಒಪ್ಪಿಗೆ ಕೊಟ್ಟದ್ದರಿಂದ ಬಲ ಬಂತು. ಆ ಒಪ್ಪಿಗೆಯ ಬಾಗಿಲಿನಿಂದಲೇ ಸೈತಾನನು ಒಳಗೆ ಬರುತ್ತಾನೆ ಎಂದೂ ಅವರು ಎಚ್ಚರಿಸುತ್ತಾರೆ. ನಿಂಬೆಹಣ್ಣಿನಿಂದ ಸೈತಾನನಿಗೆ ಲಾಭವಿಲ್ಲ; ಅಣ್ಣತಮ್ಮಂದಿರು ಮಾತು ಬಿಟ್ಟರೆ ಲಾಭವುಂಟು.

ಇದು ಹಳ್ಳಿಯ ಮಾತು ಮಾತ್ರವಲ್ಲ. ಬೆಂಗಳೂರಿನಲ್ಲಿ ಓದುವ ನಿಮ್ಮ ಮಕ್ಕಳ ಮೊಬೈಲಿಗೆ ಇನ್ನೊಂದು ಬಗೆಯ ಮಾಟ ಬರುತ್ತಿದೆ. ಇಂಗ್ಲೆಂಡಿನ ಜೆರಾಲ್ಡ್ ಗಾರ್ಡ್ನರ್ ಎಂಬವರು 1954ರಲ್ಲಿ ಬರೆದ ಪುಸ್ತಕದಿಂದ ಹೆಸರಾದ ಪಂಥ ಅದು. ಅದಕ್ಕೆ ಒಂದು ಬಟ್ಟಲು, ಒಂದು ಚಾಕು, ಒಂದು ತಟ್ಟೆ, ಮೇಣದ ಬತ್ತಿ, ಚಿಟಿಕೆ ಉಪ್ಪು, ನೀರು ಸಾಕು. ಹಾಸ್ಟೆಲಿನ ಮೇಜಿನ ಮೂಲೆಯಲ್ಲಿ, ಸಣ್ಣ ಡಬ್ಬಿಯೊಳಗೆ ಸಹ, ಯಾರಿಗೂ ಗೊತ್ತಾಗದಂತೆ ಪೀಠ ಕಟ್ಟಬಹುದು ಎಂದು ಕಲಿಸುತ್ತಾರೆ. ಇದಕ್ಕೆ ಕೈಹಾಕುವ ಮಕ್ಕಳು ಸಾಮಾನ್ಯವಾಗಿ ಕೇಡು ಬಯಸುವವರಲ್ಲ; ಒಂಟಿತನ, ಪರೀಕ್ಷೆಯ ಭಯ, ಮುರಿದ ಪ್ರೀತಿ ಅವರನ್ನು ಅಲ್ಲಿಗೆ ಒಯ್ಯುತ್ತವೆ. ಡಬ್ಬಿ ಕಂಡರೆ ಕಿರುಚಬೇಡಿ. ಪಕ್ಕದಲ್ಲಿ ಕುಳಿತು ಏನಾಯಿತೆಂದು ಕೇಳಿ.

ಬಟ್ಟಲು, ತಟ್ಟೆ, ಮೇಣದ ಬತ್ತಿ, ನೀರು ನಮ್ಮ ಬಲಿಪೀಠದ ಮೇಲೂ ಇವೆಯಲ್ಲಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎಲೀಷ ಪ್ರವಾದಿ ಜೆರಿಕೊವಿನ ಕೆಟ್ಟ ನೀರಿನ ಬುಗ್ಗೆಗೆ ಹೋದಾಗ ತರಿಸಿದ್ದು ಒಂದು ಹೊಸ ಪಾತ್ರೆ ಮತ್ತು ಉಪ್ಪು. ಆದರೆ ನೀರನ್ನು ಸರಿಪಡಿಸಿದವರು ಸರ್ವೇಶ್ವರ ಎಂದು ಅವನು ಅಲ್ಲಿಯೇ ಸಾರಿದನು. ಉಪ್ಪಿಗೆ ಕೀರ್ತಿ ಕೊಡಲಿಲ್ಲ. ಮಾಟದಲ್ಲಿ ವಸ್ತುವಿನ ಮೂಲಕ ಒಂದು ಶಕ್ತಿಯನ್ನು ನಮ್ಮ ಕೈಯಾಳು ಮಾಡಿಕೊಳ್ಳಲು ನೋಡುತ್ತೇವೆ. ಪ್ರಾರ್ಥನೆಯಲ್ಲಿ ನಮ್ಮನ್ನೇ ದೇವರ ಕೈಗೆ ಒಪ್ಪಿಸುತ್ತೇವೆ. ಬೇಡ ಎನ್ನುವ ಸ್ವಾತಂತ್ರ್ಯ ದೇವರಿಗೆ ಉಂಟು.

ಇಲ್ಲಿ ನಮ್ಮವರಿಗೂ ಒಂದು ಮಾತು ಹೇಳಬೇಕು. ನಮ್ಮ ಹಿರಿಯರು 'ಮಂತ್ರಿಸಿದ ತೀರ್ಥ', 'ಮಂತ್ರಿಸಿದ ಉಪ್ಪು' ಎನ್ನುವುದುಂಟು. ಮಾತು ಹಳೆಯದು, ತಪ್ಪೇನಿಲ್ಲ. ಆದರೆ ಆ ಉಪ್ಪನ್ನು ನಾಲ್ಕು ಮೂಲೆಗೆ ಎಸೆದು, ತೀರ್ಥವನ್ನು ಓರಗಿತ್ತಿಯ ಗೋಡೆಯ ಕಡೆಗೆ ಚಿಮುಕಿಸಿ, ಗರಿಗಳ ಭಾನುವಾರದ ಗರಿಯನ್ನು ಮೆಣಸಿನಕಾಯಿ ಸರದ ಪಕ್ಕದಲ್ಲಿ ಕಟ್ಟಿದರೆ ನಾವು ಮಾಡಿದ್ದೂ ಮಾಟವೇ, ಹೆಸರು ಬೇರೆ. ಕಥೋಲಿಕ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ 2111ನೆಯ ಸಂಖ್ಯೆಯಲ್ಲಿ, ಮನಸ್ಸಿನ ಸಿದ್ಧತೆಯಿಲ್ಲದೆ ಹೊರಗಿನ ಕ್ರಿಯೆಯಿಂದಲೇ ಫಲ ಬರುತ್ತದೆ ಎನ್ನುವುದನ್ನು ಮೂಢನಂಬಿಕೆ ಎಂದು ಕರೆಯುತ್ತದೆ. 2117ನೆಯದರಲ್ಲಿ, ಗುಣವಾಗಲೆಂದು ಮಾಡಿದರೂ ಮಾಟ ಸಲ್ಲದು ಎನ್ನುತ್ತದೆ. ತಾಯತ ಕಟ್ಟುವುದನ್ನೂ ಖಂಡಿಸುತ್ತದೆ. ದೇವರ ಅಪ್ಪಣೆಯಂತೆ ಮೋಶೆ ಮಾಡಿಸಿದ ಕಂಚಿನ ಸರ್ಪಕ್ಕೆ ಜನರು ಧೂಪ ಹಾಕತೊಡಗಿದಾಗ, ಹಿಜ್ಕೀಯ ರಾಜನು ಅದನ್ನೂ ಒಡೆದು ಚೂರು ಮಾಡಿದನು.

ಹೊಸ್ತಿಲ ಬಳಿ ಏನಾದರೂ ಕಂಡರೆ ಗುಡಿಸಿ ತಿಪ್ಪೆಗೆ ಹಾಕಿ, ಕೈ ತೊಳೆದುಕೊಳ್ಳಿ. ಅಂದು ಸಂಜೆ ಮನೆಯವರೆಲ್ಲ ಕುಳಿತು ಜಪಮಾಲೆ ಹೇಳಿ. ಯಾರ ಮೇಲೆ ಸಂಶಯ ಬಂತೋ ಅವರಿಗಾಗಿಯೂ ಒಂದು ದಶಕ ಹೇಳಿ. ರೋಗವಿದ್ದರೆ ಆಸ್ಪತ್ರೆಗೆ ಹೋಗಿ. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕಿಸುವುದು ಈಗ ಅಪರಾಧ: ವಾಮಾಚಾರ ತಡೆಯಲು ಕರ್ನಾಟಕ 2017ರಲ್ಲಿ ಅಂಗೀಕರಿಸಿದ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ, ಒಂದರಿಂದ ಏಳು ವರ್ಷ ಸೆರೆವಾಸದ ಶಿಕ್ಷೆಯುಂಟು. ಭಯ ಬಿಡದಿದ್ದರೆ ನಿಮ್ಮ ಗುರುಗಳನ್ನು ಕರೆಯಿರಿ. ಮನೆಯ ಆಶೀರ್ವಾದಕ್ಕೆ ದರಪಟ್ಟಿ ಇಲ್ಲ. ದುಡ್ಡು ಕೇಳಿ ಭೂತ ಬಿಡಿಸುತ್ತೇನೆಂದು ಬೈಬಲ್ ಹಿಡಿದು ಬರುವವರನ್ನು ಬಾಗಿಲಿನಿಂದಲೇ ಕಳುಹಿಸಿ. ಧರ್ಮಾಧ್ಯಕ್ಷರ ಅಪ್ಪಣೆಯಿಲ್ಲದೆ ಗುರುಗಳೂ ಭೂತ ಬಿಡಿಸುವ ವಿಧಿಯನ್ನು ನಡೆಸುವಂತಿಲ್ಲ.

ಬಲಿಪೀಠದ ಬಳಿ ಕಾಣಿಕೆ ತಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ರಾಜಿಯಾಗಿ ಬರಬೇಕೆಂದು ಪ್ರಭು ಹೇಳಿದ್ದಾರೆ. ನಿಂಬೆಹಣ್ಣಿನ ಕಾರಣದಿಂದ ನೀವು ಮೆಟ್ಟಿಲು ಹತ್ತದ ಮನೆಯೊಂದು ಇದ್ದರೆ, ಬರುವ ಭಾನುವಾರದ ಪೂಜೆಗೆ ಮುಂಚೆ ಅಲ್ಲಿಗೆ ಹೋಗಿ. ಅವಳು ಕಾಫಿ ಕೊಟ್ಟರೆ ಲೋಟ ಖಾಲಿಯಾಗುವವರೆಗೆ ಕುಡಿದು ಬನ್ನಿ.