ಮರದ ತೊಗಟೆಯ ಮೇಲಣ ಬಿಳೀ ಮಚ್ಚೆ

ವಾಚಕರೇ, ನಿಮ್ಮ ಹಿತ್ತಲಿನ ಮಾವಿನ ಮರವನ್ನು ಸಮೀಪದಿಂದ ನೋಡಿರಿ. ಸುಣ್ಣ ಎರಚಿದ ಹಾಗೆ ಬಿಳೀ ಮಚ್ಚೆಗಳು ತೊಗಟೆಯಲ್ಲಿ ಕಾಣುವವು. ಇದನ್ನು ರೋಗವೆಂದೆಣಿಸಿ ಕತ್ತಿಯಿಂದ ಕೆರೆಯುವವರುಂಟು. ಅದು ತಪ್ಪು. ಇದು ಕಲ್ಲುಹೂವಿನ ಕುಲದ್ದು. ಮಸಾಲೆಗೆ ಹಾಕುವ ಕಲ್ಲುಹೂವು ಎಲೆಯಂತೆ ಸುರುಟಿಕೊಂಡಿರುವದು. ಇದಾದರೋ ಗಾಯದ ಹಕ್ಕಳೆಯಂತೆ ತೊಗಟೆಗೆ ಅಂಟಿಕೊಂಡೇ ಇರುವದು. ಒಂದು ಜಾತಿಯ ಮೇಲೆ ಅಕ್ಷರ ಬರೆದಂತೆ ಕರೀ ಗೀಟುಗಳಿರುವವು. ಓದಲು ಮಾತ್ರ ಬಾರದು!

ಇದರೊಳಗೆ ಇರುವದು ಒಂದೇ ಜೀವವಲ್ಲ. ಅಣಬೆಯ ಕುಲದ ಬೂಷ್ಟು ಒಂದು, ಪಾಚಿಯ ಕುಲದ್ದು ಇನ್ನೊಂದು. ಬೂಷ್ಟು ಮನೆಕಟ್ಟಿ ತೇವವನ್ನು ಹಿಡಿದಿಡುವದು. ಪಾಚಿಯು ಬಿಸಿಲಿನ ಬಲದಿಂದ ಎರಡಕ್ಕೂ ಆಹಾರವನ್ನು ಸಿದ್ಧಮಾಡುವದು. ಸ್ವಿಸ್ ಪಂಡಿತರಾದ ಶ್ವೆಂಡೆನರ್ ಎಂಬವರು 1867ರಲ್ಲಿ ಇದನ್ನು ಹೇಳಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ.

ಹಾಗಾದರೆ ಇದು ಮರದಿಂದ ತಕ್ಕೊಳ್ಳುವದೇನು? ನಿಲ್ಲುವ ಸ್ಥಳ ಮಾತ್ರ. ಮರದ ರಸವನ್ನು ಹೀರುವದಿಲ್ಲ. ಬಡಕಲು ಮರದಲ್ಲಿ ಹೆಚ್ಚಾಗಿ ಕಂಡರೆ, ಎಲೆಗಳು ವಿರಳವಾಗಿ ಕಾಂಡಕ್ಕೆ ಬಿಸಿಲು ತಗಲುವದೇ ಕಾರಣವಾಗಿರಬಹುದು. ಅಂಥ ಮರದ ಸಂಕಟವನ್ನು ಬೇರಿನಲ್ಲಿಯೋ ಕಾಂಡ ಕೊರೆಯುವ ಹುಳದಲ್ಲಿಯೋ ಹುಡುಕತಕ್ಕದ್ದು. ಕೆರೆಯುವ ಕತ್ತಿಯಾದರೋ ತೊಗಟೆಯನ್ನು ಗಾಯಮಾಡಿ ನಿಜವಾದ ರೋಗಕ್ಕೆ ಬಾಗಿಲು ತೆರೆಯುವದು.

ಬಂಡೆಗಳ ಮೇಲೆಯೂ ಇದೇ ಕುಲವು ಬಹು ನಿಧಾನವಾಗಿ ಬೆಳೆಯುವದು. ಆಲ್ಪ್ಸ್ ಪರ್ವತಗಳಲ್ಲಿ ಭೂಪಟದಂತೆ ಕಾಣುವ ಹಳದಿ ಮಿಶ್ರಿತ ಹಸುರು ಜಾತಿಯೊಂದು ವರುಷಕ್ಕೆ 1 ಮಿಲಿಮೀಟರಿನಷ್ಟು ಸಹ ಹರಡುವದಿಲ್ಲ. ಅದರ ಅಗಲವನ್ನು ಅಳೆದು, ಹಿಮರಾಶಿ ಸರಿದು ಆ ಬಂಡೆ ಬಯಲಾಗಿ ಎಷ್ಟು ಕಾಲವಾಯಿತೆಂದು ಎಣಿಸುವ ಕ್ರಮವನ್ನು ಬೆಷೆಲ್ ಎಂಬವರು 1950ರಲ್ಲಿ ಪ್ರಕಟಿಸಿದರು.